ಯಾರನ್ನು ನೆನೆದು ಊದಲಿ

ಮಾರ್ಚ್ 4, ಸೋಮವಾರ

ಇವತ್ತು ವಿದ್ಯಾವಂತರೊಬ್ಬರು ನನ್ನ ಕತ್ತು ಹಿಸುಕಿದರು. ನಾನೇ ಒಪ್ಪಿ ಸಹಿ ಹಾಕಿದ ಮೇಲೆ ಹಿಸುಕಿದ್ದರಿಂದ ದೂರು ಕೊಡುವಂತಿಲ್ಲ. ಉಬ್ಬಸಕ್ಕೆ ಹೊಸ ಔಷಧ ಪರೀಕ್ಷಿಸುತ್ತಿರುವ ಆಸ್ಪತ್ರೆ ಅದು. ಬಂದವನಿಗೆ ನಿಜವಾಗಿ ಉಬ್ಬಸ ಇದೆ ಎಂದು ಅವರಿಗೆ ಮೊದಲು ರುಜುವಾತಾಗಬೇಕಂತೆ. ಹಾಗಾಗಿ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದೊಂದನ್ನು ಮೂಗಿಗೆ ಸಿಕ್ಕಿಸಿ, ಎದೆ ಬಿಗಿಯುವ ಆವಿಯನ್ನು ಸ್ವಲ್ಪ ಸ್ವಲ್ಪವೇ ಎಳೆಸುತ್ತಾರೆ. ಮೂರನೆಯ ಸಲಕ್ಕೆ ಯಾರೋ ನನ್ನ ಎದೆಯ ಮೇಲೆ ಮಂಡಿಯೂರಿ ಕೂತ ಹಾಗಾಯಿತು. ಕುರ್ಚಿಯ ಕೈಯನ್ನು ಅವುಚಿ ಹಿಡಿದ ರಭಸಕ್ಕೆ ಉಗುರು ಸೀಳಿ ರಕ್ತ ಬಂತು.

"ಭೇಷ್," ಎಂದರು ಡಾಕ್ಟರು, ಪರದೆ ನೋಡುತ್ತ. "ನಿಮಗೆ ಖಂಡಿತ ಉಬ್ಬಸ ಇದೆ."

ಹುಟ್ಟಿದಾಗಿನಿಂದ ನನಗೂ ಹಾಗೊಂದು ಅನುಮಾನ ಇತ್ತು ಎಂದು ಹೇಳೋಣವೆಂದರೆ ಉಸಿರಿರಲಿಲ್ಲ.

ಸೇರಿದವರಲ್ಲಿ ಅರ್ಧ ಜನಕ್ಕೆ ಹೊಸ ಔಷಧ, ಅರ್ಧ ಜನಕ್ಕೆ ಹಳೆಯದು. ಇನ್‌ಹೇಲರು ನೋಡಲು ಒಂದೇ ತರಹ. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ತಮಗೇನೂ ಗೊತ್ತಿಲ್ಲ ಎಂದು ಡಾಕ್ಟರು ಮೊದಲೇ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಇಲ್ಲಿಯೇ. ಅದಕ್ಕೇ ನಂಬಿಕೆ ಬಂತು.

ಸೇರದೆ ಗತಿಯೂ ಇರಲಿಲ್ಲ. ಹೋದ ತಿಂಗಳು ಕಾಲೇಜಿನ ಗ್ರಂಥಾಲಯದಲ್ಲಿ, ನಾನು ಕಾಯುವ ಕಪಾಟುಗಳ ನಡುವೆಯೇ, ಉಸಿರು ಕಟ್ಟಿ ಬಿದ್ದೆ. ಆಂಬುಲೆನ್ಸಿನಲ್ಲಿ ಇವಳು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಮದುವೆಯಾದಂದಿನಿಂದ ಹಾಗೆಯೇ, ನನಗೆ ಒರಗಲು ಗೋಡೆ ಬೇಕಾಗಿಲ್ಲ.

ಕೆಮ್ಮು, ಕಫ, ನಿದ್ದೆಗೆ ಟಿಕ್ ಹಾಕಲು ಆಸ್ಪತ್ರೆಯವರು ಒಂದು ಅಚ್ಚಿನ ಪುಸ್ತಕ ಕೊಟ್ಟಿದ್ದಾರೆ. ಅದರಲ್ಲಿ ತಮಾಷೆಗೆ ಕಾಲಂ ಇಲ್ಲ. ಆದ್ದರಿಂದ ಇದು.

ಮಾರ್ಚ್ 7, ಗುರುವಾರ

ಊದುವುದನ್ನು ಕಲಿಸುವುದಕ್ಕೇ ಆಸ್ಪತ್ರೆಯಲ್ಲಿ ಒಬ್ಬರು ಹೆಂಗಸಿದ್ದಾರೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಟೆಕ್ನಿಷಿಯನ್, ರೋಗಿಗಳ ಬಾಯಲ್ಲಿ ಊದಮ್ಮ. ದಿನಾ ಬೆಳಿಗ್ಗೆ ಔಷಧ ಎಳೆದುಕೊಳ್ಳುವ ಮೊದಲು ಒಂದು ಪ್ಲಾಸ್ಟಿಕ್ ಕೊಳವೆಗೆ ಒಂದೇ ಏಟಿಗೆ ಊದಬೇಕು. ಒಳಗಿನ ಕೆಂಪು ಮುಳ್ಳು ಎಲ್ಲಿ ನಿಲ್ಲುತ್ತದೋ ಅದು ಆ ದಿನದ ನನ್ನ ಯೋಗ್ಯತೆ. ಊದಿದೆ. ಮುಳ್ಳು ಇನ್ನೂರರವರೆಗೆ ಹೋಗಿ ನಾಚಿಕೊಂಡು ನಿಂತಿತು.

"ದೀಪ ಆರಿಸ್ತಿದೀರಾ ಸಾರ್? ಜೋರಾಗಿ."

"ಇರೋದೇ ಇಷ್ಟು."

"ಎಲ್ರೂ ಹಂಗೇ ಅಂತಾರೆ. ಒಂದ್ ಕೆಲ್ಸ ಮಾಡಿ. ನಿಮಗೆ ಯಾರ ಮೇಲೆ ತುಂಬ ಸಿಟ್ಟಿದೆಯೋ ಅವರನ್ನ ಕಣ್ಮುಂದೆ ನಿಲ್ಲಿಸ್ಕೊಳ್ಳಿ. ಅವರ ಮುಖಕ್ಕೇ ಊದಿ."

"ನಂಗೆ ಯಾರ ಮೇಲೂ ಸಿಟ್ಟಿಲ್ಲಮ್ಮ."

"ಮದ್ವೆ ಆಗಿದೆ ತಾನೆ?"

"ಆಗಿದೆ."

"ಅಂದ್ಮೇಲೆ ನೆಂಟರಿದಾರೆ. ನೆನಪಿಸ್ಕೊಳ್ಳಿ."

ಭಾವಮೈದುನನನ್ನು ನೆನೆದೆ. ಇವಳ ತಮ್ಮ, ಟ್ಯಾಕ್ಸಿ ಓಡಿಸುತ್ತಾನೆ. ಒಂದು ವಾರ ಇದ್ದು ಹೋಗುತ್ತೇನೆಂದು ಬಂದವನು, ವಾರ ಯಾವುದೆಂದು ಹೇಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಸಿಗರೇಟು ಸೇದುತ್ತಾನೆ. ಹೊಗೆ ಅವನದು, ಸೀಟಿ ನನ್ನದು. ಮನೆ ರೈಲು ನಿಲ್ದಾಣದ ಹಾಗಿರುತ್ತದೆ. ಅವನ ಮುಖಕ್ಕೆ ಊದಿದೆ. ಮುಳ್ಳು ಇನ್ನೂರ ಎಪ್ಪತ್ತು.

"ನೋಡಿದ್ರಾ," ಎಂದರು ಊದಮ್ಮ. "ಒಳಗೆ ಇತ್ತು."

ಮಾರ್ಚ್ 24, ಭಾನುವಾರ

ಇತ್ತೀಚೆಗೆ ಬರೆಯಲಿಲ್ಲ. ಮಲಗುತ್ತಿದ್ದೆ. ಅಂಗಾತ ಮಲಗುವುದು ಇಷ್ಟು ಸುಖ ಎಂದು ಯಾರೂ ನನಗೆ ಹೇಳಿರಲಿಲ್ಲ. ಗ್ರಂಥಾಲಯದ ಮಹಡಿ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದೆ. ನನ್ನ ಸೀಟಿಯಿಂದಾಗಿ ನನಗೆ ಕುಕ್ಕರ್ ಎಂದು ಹೆಸರಿಟ್ಟಿದ್ದ ವಿದ್ಯಾರ್ಥಿಗಳು, ಸೀಟಿ ಕೇಳಿಸದೆ ಮಾತಾಡುತ್ತ ಕೂತು ಸಿಕ್ಕಿಬೀಳುತ್ತಿದ್ದಾರೆ.

ಇವತ್ತು ಐತಿಹಾಸಿಕ ದಿನ. ಭಾವಮೈದುನ ತಿಂಡಿಯ ತಟ್ಟೆಯಲ್ಲೇ ಸಿಗರೇಟು ಹೊಸಕಿದ. ಎಂದಿನಂತೆ ನಾನು ಕಿಟಕಿ ತೆರೆಯಲು ಎದ್ದೆ. ಎದ್ದವನು ಕಿಟಕಿಯ ಬದಲು ಬಾಯಿ ತೆರೆದೆ.

"ಎತ್ತೋ ಅದನ್ನ. ಎತ್ಕೊಂಡು ಬೀದಿಗೆ ನಡಿ. ಇದು ನನ್ನ ಮನೆ, ನಿನ್ನ ಹೊಗೆ ಗೂಡಲ್ಲ."

ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅಷ್ಟು ಜೋರು. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ, ನಾನೊಬ್ಬನೇ ಉಸಿರಾಡುತ್ತಿದ್ದೆ. ಆಮೇಲೆ ಇವಳು ಚಪ್ಪಾಳೆ ತಟ್ಟಿದಳು. ನಿಜವಾಗಿ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಭಾವಂಗೆ ಗಂಟಲು ಬಂತಲ್ಲ ಅಕ್ಕ," ಎಂದ ಅವನು, ಪೆಚ್ಚು ನಗೆಯಲ್ಲಿ.

ಮಗಳು ಬಚ್ಚಲಿಂದ ಓಡಿ ಬಂದಳು. ಆರನೆಯ ಕ್ಲಾಸು, ಎಲ್ಲದರಲ್ಲೂ ಪಾಲು ಬೇಕು. "ಅಪ್ಪ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಬೈಯಿ. ಮಾಮ, ನೀನು ಅಲ್ಲೇ ನಿಂತ್ಕೊ."

ಅವನನ್ನು ನಿಲ್ಲಿಸಿ ಎರಡನೆಯ ಪ್ರದರ್ಶನ ನೀಡಲಾಯಿತು. ಎರಡನೆಯದು ಇನ್ನೂ ಚೆನ್ನಾಗಿತ್ತು ಎಂದು ಮನೆಮಂದಿಯ ಅಭಿಪ್ರಾಯ.

ದಮ್ಮು ಇದ್ದಾಗ ದಮ್ಮಿರಲಿಲ್ಲ. ದಮ್ಮು ಹೋಯಿತು, ದಮ್ಮು ಬಂತು. ಭಾಷೆಯ ಮೇಲೆ ಪ್ರೀತಿ ಹುಟ್ಟುವುದು ಇಂಥ ದಿನಗಳಲ್ಲೇ.

ಏಪ್ರಿಲ್ 3, ಬುಧವಾರ

ಸಿಟ್ಟೂ ಅಂಗಿಯ ಹಾಗೆ. ದಿನಾ ಒಂದನ್ನೇ ತೊಟ್ಟರೆ ಸವೆಯುತ್ತದೆ. ಭಾವಮೈದುನ ಈಗ ಬೀದಿಯಲ್ಲಿ ನಿಂತು ಸೇದುತ್ತಾನೆ, ತಟ್ಟೆ ತಾನೇ ತೊಳೆಯುತ್ತಾನೆ. ಬೆಳಿಗ್ಗೆ ಅವನನ್ನು ನೆನೆದು ಊದಿದರೆ ಮುಳ್ಳು ಅರ್ಧ ದಾರಿಯಲ್ಲಿ ಕುಂಟುತ್ತದೆ. ಬದಲಿ ಹುಡುಕಬೇಕಾಯಿತು. ಸೋಮವಾರ ಪ್ರಿನ್ಸಿಪಾಲರು. ಹೊಸ ಕಪಾಟು ಕೇಳಿದರೆ "ಇರೋ ಪುಸ್ತಕನೇ ಯಾರೂ ಓದಲ್ಲವಲ್ರೀ" ಎಂದವರು. ಮುಳ್ಳು ಮುನ್ನೂರು ದಾಟಿತು. ಮಂಗಳವಾರ ನನಗೆ ಕುಕ್ಕರ್ ಎಂದು ಮೊದಲು ಕರೆದ ವಿದ್ಯಾರ್ಥಿ. ಇವತ್ತು ಚಿಕ್ಕಂದಿನಲ್ಲಿ ನನ್ನನ್ನು ಓಟದಿಂದ ಹೊರಗಿಟ್ಟ ಮೇಷ್ಟರು. ತೀರಿಹೋಗಿ ಬಹಳ ಕಾಲವಾಗಿದೆ, ಆದರೂ ಒಳ್ಳೆಯ ಫಲಿತಾಂಶ.

ಹಿಂದಿನ ದಿನವೇ ಗಿರಾಕಿಯನ್ನು ಗೊತ್ತು ಮಾಡಿಟ್ಟುಕೊಂಡು, ಅವನ ಮೇಲೆ ಸ್ವಲ್ಪ ಕುದಿದು ಮಲಗಿದರೆ ಬೆಳಿಗ್ಗೆ ಸಲೀಸು. ಊದಮ್ಮ ನಕ್ಷೆಯಲ್ಲಿ ನನ್ನ ಗೀಟು ಏರುವುದನ್ನು ನೋಡಿ ಬೇರೆ ರೋಗಿಗಳನ್ನು ಕರೆದು ತೋರಿಸಿದರು.

ಏಪ್ರಿಲ್ 18, ಗುರುವಾರ

ಒಬ್ಬ ವಿದ್ಯಾರ್ಥಿ ಮೂಲೆಯ ಮೇಜಿನಲ್ಲಿ ಪುಸ್ತಕದ ಹಾಳೆ ಹರಿಯುತ್ತಿದ್ದ. ಮೊದಲಾದರೆ ದಂಡದ ಚೀಟಿ ಬರೆಯುತ್ತಿದ್ದೆ. ಇವತ್ತು ಕೆನ್ನೆಗೆ ಬಾರಿಸಿದೆ. ಅವನು "ಯಾಕ್ ಸಾರ್" ಎಂದದ್ದಕ್ಕೆ ಇನ್ನೊಂದು. ಆಮೇಲೆ ಅದೇ ಪುಸ್ತಕದ ಬೆನ್ನಿನಿಂದ ತಲೆಗೆ. ದಪ್ಪ ರಟ್ಟಿನ ಪುಸ್ತಕ; ಹುಬ್ಬಿನ ಮೇಲೆ ಚರ್ಮ ಒಡೆದು ರಕ್ತ ಹಾಳೆಯ ಮೇಲೆ ಬಿತ್ತು. ಪುಸ್ತಕ ಹರಿಯುವವನನ್ನೇ ಪುಸ್ತಕ ಹರಿಯಿತು. ಬೆಳಿಗ್ಗೆ ಊದಿದ್ದು ನಾನು, ಸಂಜೆಗೆ ಊದಿಕೊಂಡಿದ್ದು ಅವನ ಮುಖ.

ಪ್ರಿನ್ಸಿಪಾಲರು ಕರೆಸಿ ಬಾಗಿಲು ಹಾಕಿಕೊಂಡು ಬೈದರು, ಬಾಗಿಲು ತೆಗೆಯುವ ಮೊದಲು ಬೆನ್ನು ತಟ್ಟಿದರು. ಮನೆಯಲ್ಲಿ ನಟಿಸಿ ತೋರಿಸಿದೆ. ಮಗಳು ನಕ್ಕಳು, ಆಮೇಲೆ ಅಮ್ಮನ ಮುಖ ನೋಡಿ ನಿಲ್ಲಿಸಿದಳು.

"ಹೊಲಿಗೆ ಹಾಕಿದ್ರಾ ಆ ಹುಡುಗಂಗೆ?" ಎಂದಳು ಇವಳು.

"ಪುಸ್ತಕಕ್ಕಾ ಅಂತ ಕೇಳ್ತೀಯೇನೋ ಅಂದ್ಕೊಂಡೆ."

ಇದು ಒಳ್ಳೆಯ ಹಾಸ್ಯ. ಅವಳಿಗೆ ಹತ್ತಲಿಲ್ಲ. ದಣಿದಿದ್ದಳು.

ಮೇ 5, ಭಾನುವಾರ

ಮುಂದಿನ ಕೋಣೆಯ ಗೋಡೆ ಒರೆಸಿ ಬಂದು ಬರೆಯುತ್ತಿದ್ದೇನೆ.

ಮಳೆ ಎಂಬ ನೆಪಕ್ಕೆ ಭಾವಮೈದುನ ಒಳಗೇ ಹಚ್ಚಿದ. "ಒಂದೇ ಒಂದು ಭಾವ, ಬಾಗ್ಲಲ್ಲೇ ನಿಂತಿದೀನಿ." ಬಾಗಿಲಲ್ಲೇ ನಿಂತಿದ್ದ, ನಿಜ. ನಾನು ನೀರು ಕುಡಿಯುತ್ತಿದ್ದ ಸ್ಟೀಲಿನ ಚೊಂಬಿನಿಂದ ಅವನ ಬಾಯಿಗೇ ಹೊಡೆದೆ. ಸಿಗರೇಟೂ ಒಂದು ಹಲ್ಲೂ ಒಟ್ಟಿಗೆ ಹೊರಬಂದವು. ಅವನು ಕೈ ಎತ್ತಿದ, ಹೊಡೆಯಲೋ ತಡೆಯಲೋ ವಿಚಾರಿಸುವಷ್ಟು ಪುರುಸೊತ್ತು ನನಗಿರಲಿಲ್ಲ. ಕಾಲರು ಹಿಡಿದು ಗೋಡೆಗೆ ಗುದ್ದಿದೆ, ಮತ್ತೆ ಗುದ್ದಿದೆ. ಇವಳು ಅಡ್ಡ ಬಂದಳು. ಮೊಣಕೈ ಹೊಟ್ಟೆಗೆ ತಾಗಿ ಕೂತುಬಿಟ್ಟಳು. ಅಡ್ಡ ಬಂದರೆ ತಾಗುತ್ತದೆ, ಸಂಚಾರ ನಿಯಮ.

ಅವನು ಮಂಡಿಯ ಮೇಲೆ ಕೂತು ಕೆಮ್ಮಿದ. ಏದುಸಿರು. ಎದೆಯಿಂದ ಸಣ್ಣಗೆ ಸೀಟಿ ಕೂಡ ಬಂತು. ನಾನು ಅವನ ಎದುರು ನಿಂತು ನನ್ನ ಉಸಿರು ಗಮನಿಸಿದೆ. ದಾರ ಎಳೆದ ಹಾಗೆ, ನೇರ. ಔಷಧ ಕಂಡುಹಿಡಿದವರಿಗೆ ಕೈ ಮುಗಿಯಬೇಕು.

ಅವನು ಬಟ್ಟೆ ಕಟ್ಟಿಕೊಂಡು ಹೋದ. "ಅಕ್ಕ, ಫೋನ್ ಮಾಡು," ಎಂದ ಹೋಗುವಾಗ, ಬಾಯಿಗೆ ಟವೆಲು ಒತ್ತಿಕೊಂಡು. ಕೊನೆಗೂ ಆ ವಾರ ಮುಗಿಯಿತು. ಮನೆ ಎಷ್ಟು ನಿಶ್ಶಬ್ದ ಎಂದರೆ ನನ್ನ ಗ್ರಂಥಾಲಯಕ್ಕೆ ಮಾದರಿಯಾಗಿ ತೋರಿಸಬಹುದು.

ಮೇ 9, ಗುರುವಾರ

ಗಿರಾಕಿಗಳೇ ಇಲ್ಲ. ಪ್ರಿನ್ಸಿಪಾಲರು ಕಪಾಟು ಕೊಟ್ಟರು. ವಿದ್ಯಾರ್ಥಿಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಮೇಷ್ಟರು ಸವೆದರು.

ಸುಮ್ಮನೆ, ಪ್ರಯೋಗಕ್ಕೆಂದು, ಇವಳನ್ನು ನೆನೆದು ಊದಿದೆ. ಆ ಹುಡುಗನ ಹೊಲಿಗೆಯ ಬಗ್ಗೆ ಕೇಳಿದ ಮುಖ. ಮುಳ್ಳು ನಾನ್ನೂರ ಮೂವತ್ತು. ಇದುವರೆಗಿನ ದಾಖಲೆ.

ಮೇ 14, ಮಂಗಳವಾರ

ನಾನ್ನೂರ ಐವತ್ತು. ಎದುರಿಗೇ ಇದ್ದರೆ ನೆನೆಯುವ ಶ್ರಮವೂ ಇಲ್ಲ. ಅಡುಗೆಮನೆಯ ಬಾಗಿಲಿಗೆ ನಿಂತು ಊದುತ್ತೇನೆ.

"ಯಾಕ್ರೀ ಹಾಗೆ ನೋಡ್ತೀರ?" ಎಂದಳು.

"ಹೆಂಡ್ತಿನ ನೋಡೋದೂ ತಪ್ಪಾ?"

"ನೋಡಿ ಊದೋದು ಯಾಕೆ ಅಂತ ಕೇಳ್ದೆ."

ಸೂಕ್ಷ್ಮಮತಿ. ಇಂಥ ಮಾತಿಗೇ ಮರುದಿನದ ಮುಳ್ಳು ಏರುವುದು.

ಮೇ 20, ಸೋಮವಾರ

ತಪಾಸಣೆಯ ದಿನ. ಹೊರಡುವಾಗ ಇವಳು ಚಪ್ಪಲಿ ಜೋಡಿಸುತ್ತ ಹೇಳಿದಳು: "ಡಾಕ್ಟ್ರಿಗೆ ಹೇಳ್ರಿ. ಸಿಟ್ಟು ಜಾಸ್ತಿ ಆಗಿದೆ ಅಂತ. ನೀವು ಮೊದ್ಲು ಹೀಗಿರ್ಲಿಲ್ಲ."

"ಮೊದ್ಲು ನಾನು ಇರ್ಲೇ ಇಲ್ಲ ಕಣೇ. ಬರೀ ಕೆಮ್ಮಿತ್ತು."

ಡಾಕ್ಟರು ಒಂದೊಂದಾಗಿ ಕೇಳಿದರು. ಕೈ ನಡುಕ? ಇಲ್ಲ, ಕೈ ಗಟ್ಟಿಯಾಗಿದೆ. ಗಂಟಲು ಒಡಕು? ಮೊದಲಿಗಿಂತ ಜೋರಾಗಿದೆ. ಎದೆಬಡಿತ, ತಲೆನೋವು? ನನಗಿಲ್ಲ. ಬೇರೆ ಏನಾದರೂ? ಏನೂ ಇಲ್ಲ. ಅವರು ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆ.

ಊದಮ್ಮ ಯಂತ್ರಕ್ಕೆ ಊದಿಸಿ ಬೆರಗಾದರು. "ಈಗ ಯಾರನ್ನ ನೆನೀತಿದೀರಿ ಸಾರ್?"

"ಮನೇಲೇ ಒಬ್ರು ಸಿಕ್ಕಿದಾರೆ."

ಅವರು ನಕ್ಕರು. ನಕ್ಕು, ನನ್ನ ಮುಖ ನೋಡಿ, ಮೂಗಿನ ಕ್ಲಿಪ್ಪು ತೆಗೆಯುತ್ತ ನಿಧಾನಕ್ಕೆ ಹೇಳಿದರು: "ಅದು ಊದೋ ಹೊತ್ತಿಗೆ ಮಾತ್ರ ಸಾರ್. ಊದಿದ್ಮೇಲೆ ಬಿಟ್ಬಿಡ್ಬೇಕು. ನಾನು ಎಲ್ರಿಗೂ ಹೇಳ್ತೀನಿ... ನಿಮಗೆ ಹೇಳಿದ್ನಾ ಇಲ್ವಾ?"

ಹೇಳಿರಲಿಲ್ಲ. ಆದರೆ ಊದಿದ ಮೇಲೆ ಬಿಟ್ಟರೆ ಮರುದಿನಕ್ಕೆ ಎಲ್ಲಿಂದ ತರುವುದು? ಟೆಕ್ನಿಷಿಯನ್ನರಿಗೆ ಸಂಸಾರ ಅರ್ಥವಾಗುವುದಿಲ್ಲ.

ಜೂನ್ 9, ಭಾನುವಾರ

ಇವಳ ಮಣಿಕಟ್ಟು ಮುರಿಯಿತು.

ಬೆಳಿಗ್ಗೆ ಊದಿ ಆದ ಮೇಲೆ ನೋಡಿದರೆ ಇನ್‌ಹೇಲರು ಅದರ ಜಾಗದಲ್ಲಿಲ್ಲ. ಇವಳು ಬಚ್ಚಲ ಬಾಗಿಲಲ್ಲಿ ಕೈ ಹಿಂದೆ ಮಾಡಿಕೊಂಡು ನಿಂತಿದ್ದಳು.

"ಇವತ್ತೊಂದಿನ ಬೇಡ," ಎಂದಳು. "ನಾಳೆ ನಾನೇ ಕೊಡ್ತೀನಿ. ಒಂದಿನ ಮೊದ್ಲಿನ ಹಾಗಿರಿ. ಉಬ್ಬಸ ಬಂದ್ರೆ ಬರ್ಲಿ, ನಾನಿದೀನಲ್ಲ. ಬೆನ್ನು ಕೊಟ್ಟು ಕೂತ್ಕೋತೀನಿ."

"ಕೊಡು."

"ಒಂದೇ ದಿನ ರೀ."

ಕೈ ತಿರುಚಿದೆ. ಇನ್‌ಹೇಲರಿಗಾಗಿ ತಿರುಚಿದ್ದು, ಕೈಗಾಗಿ ಅಲ್ಲ. ಅವಳು ಬಿಡಲಿಲ್ಲ, ಹಟಮಾರಿ. ವಾಷ್‌ಬೇಸಿನ್ನಿನ ಅಂಚಿಗೆ ಆ ಕೈಯನ್ನು ಒಂದು ಸಲ ಹೊಡೆದೆ, ಬಿಡಲಿಲ್ಲ. ಇನ್ನೊಂದು ಸಲ. ಒಣ ಕಟ್ಟಿಗೆ ಮುರಿದಂಥ ಶಬ್ದ ಬಂತು. ಇನ್‌ಹೇಲರು ನೆಲಕ್ಕೆ ಬಿತ್ತು, ಸದ್ಯ ಏನೂ ಆಗಿಲ್ಲ. ಎತ್ತಿ, ತೊಳೆದು, ಒರೆಸಿ, ಹೇಳಿಕೊಟ್ಟ ಕ್ರಮದಲ್ಲೇ ಎಳೆದುಕೊಂಡೆ. ಉಸಿರು ಹಿಡಿದು ಮನಸ್ಸಿನಲ್ಲಿ ಎಣಿಸಿದೆ. ಅಷ್ಟು ಹೊತ್ತೂ ಇವಳು ಬಚ್ಚಲ ನೆಲದ ಮೇಲೆ ಕೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದಳು. ಕೂಗಲಿಲ್ಲ. ಮಗಳು ಬಾಗಿಲ ಹತ್ತಿರ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ನಿಂತಿದ್ದಳು.

ಮೂಳೆ ಡಾಕ್ಟರು ಹೇಗಾಯಿತೆಂದು ಕೇಳಿದಾಗ ಇವಳು, "ಜಾರಿದೆ," ಎಂದಳು. ಎಷ್ಟು ಸಹಜವಾಗಿ ಹೇಳಿದಳೆಂದರೆ ನಾನೂ ನಂಬಿದೆ.

ಜೂನ್ 13, ಗುರುವಾರ

ಮಗಳು ಈಗ ಊಟದ ಮೇಜಿನ ಕೆಳಗೆ ಕೂತು ಓದುತ್ತಾಳೆ. ಬೆಳಕು ಸಾಲದು, ಕಣ್ಣು ಕೆಡುತ್ತದೆ ಎಂದರೆ ಕೇಳುವುದಿಲ್ಲ. ಮಕ್ಕಳ ಹುಚ್ಚು. ನಾನು ಒಳಗೆ ಬಂದರೆ ಪುಟ ತಿರುಗಿಸುವುದನ್ನೂ ನಿಲ್ಲಿಸುತ್ತಾಳೆ.

ಜೂನ್ 17, ಸೋಮವಾರ

ಆಸ್ಪತ್ರೆಯಿಂದ ಕರೆ. ಅಧ್ಯಯನ ಮುಂದಿನ ಸೋಮವಾರ ಮುಗಿಯುತ್ತದೆ. ಗುಣ ಕಂಡವರಿಗೆ ಹೊಸ ಔಷಧವನ್ನು ಇನ್ನೊಂದು ವರ್ಷ ಕೊಡುತ್ತಾರಂತೆ. ಅಂಗಡಿಯಲ್ಲಿ ಅದು ಇನ್ನೂ ಸಿಗುವುದಿಲ್ಲ. ಒಂದೇ ಷರತ್ತು: ಜೊತೆಗಿರುವವರೊಬ್ಬರು ಬಂದು, ಮನೆಯಲ್ಲಿ ಇವರನ್ನು ನೋಡಿದ್ದೇನೆ, ಔಷಧ ಒಗ್ಗಿದೆ, ಮುಂದುವರಿಸಬಹುದು ಎಂದು ಹೇಳಿ ಸಹಿ ಹಾಕಬೇಕು.

ಅಂದರೆ ಇವಳು. ಇವಳು ಇಲ್ಲ ಎಂದರೆ ನಾನು ಮತ್ತೆ ಕುಕ್ಕರ್. ಮತ್ತೆ ದಿಂಬುಗಳ ಗುಡ್ಡೆಗೆ ಒರಗಿ ಬೆಳಗಾಗುವುದನ್ನು ಕಾಯಬೇಕು. ಮತ್ತೆ ಕಪಾಟುಗಳ ನಡುವೆ ಬೀಳಬೇಕು, ಈ ಸಲ ಏಳುವ ಭರವಸೆ ಇಲ್ಲ.

ವಿಷಯ ಹೇಳಿದೆ. ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟು ಕೇಳಿಸಿಕೊಂಡಳು. "ಯೋಚ್ನೆ ಮಾಡ್ತೀನಿ," ಎಂದಳು.

"ಗಂಡ ಉಸಿರಾಡ್ಬೇಕೋ ಬೇಡ್ವೋ ಅನ್ನೋದಕ್ಕೆ ಯೋಚ್ನೆ ಬೇಕಾ?"

"ಬೇಕು."

ತಟ್ಟೆಗಳು ಒಡೆದವು. ಇದ್ದದ್ದೇ ಆರು, ಈಗ ಊಟಕ್ಕೆ ಸರದಿ ಹಚ್ಚಬೇಕು. ಒಂದು ಚೂರು ಹಾರಿ ಇವಳ ಕಿವಿಯ ಹತ್ತಿರ ಗೀರಿತು. ಒರೆಸಿಕೊಳ್ಳದೆ ನನ್ನನ್ನೇ ನೋಡುತ್ತ ಕೂತಿದ್ದಳು, ಉಬ್ಬಸ ಜಾಸ್ತಿಯಾದಾಗ ನೋಡುತ್ತಿದ್ದ ಹಾಗೆಯೇ.

ಜೂನ್ 24, ಸೋಮವಾರ

ಬಂದಳು. ಡಾಕ್ಟರು ನನ್ನನ್ನು ಹೊರಗೆ ಕೂರಲು ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ತೋಚಲಿಲ್ಲ, ನನಗೂ ತೋಚಲಿಲ್ಲ. ಊದಮ್ಮ ಮಾತ್ರ ಪ್ಲಾಸ್ಟರು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಯಂತ್ರವನ್ನು ಒರೆಸಿದ್ದನ್ನೇ ಒರೆಸಿದರು.

"ಮನೇಲಿ ಹೇಗಿದಾರಮ್ಮ?" ಎಂದರು ಡಾಕ್ಟರು.

ನಾನು ಮೇಜಿನ ಕೆಳಗೆ ಮುಷ್ಟಿ ಬಿಗಿದಿದ್ದೆ. ಇವಳು ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಚೆನ್ನಾಗಿ ಉಸಿರಾಡ್ತಾರೆ," ಎಂದಳು.

"ನಿದ್ದೆ?"

"ಚೆನ್ನಾಗಿ ಮಾಡ್ತಾರೆ. ಅವರೊಬ್ಬರು."

ಎಡಗೈಯಲ್ಲಿ ಪೆನ್ನು ಹಿಡಿದು, ಮಗು ಬರೆದ ಹಾಗೆ, ಒಂದೊಂದೇ ಅಕ್ಷರ ಬರೆದು ಸಹಿ ಮುಗಿಸಿದಳು. ನನಗೆ ಕುಣಿಯಬೇಕೆನಿಸಿತು. ಮೆಟ್ಟಿಲಿಳಿಯುವಾಗ ಭುಜದ ಮೇಲೆ ಕೈ ಹಾಕಿದೆ. ಸರಿದಳು.

"ಆಂಬುಲೆನ್ಸಲ್ಲಿ ನಿಮ್ಮ ತುಟಿ ನೀಲಿ ಆಗಿದ್ದನ್ನ ನಾನು ನೋಡಿದೀನಿ," ಎಂದಳು. "ಅದನ್ನ ಇನ್ನೊಂದ್ಸಲ ನನ್ನ ಕೈಯಾರೆ ಮಾಡಕ್ಕಾಗಲ್ಲ. ಅದಕ್ಕೇ ಹಾಕಿದ್ದು. ಬೇರೆ ಏನೂ ಅಂದ್ಕೋಬೇಡಿ."

ನಾನೇಕೆ ಬೇರೆ ಏನಾದರೂ ಅಂದುಕೊಳ್ಳಲಿ? ಒಳ್ಳೆಯ ಹೆಂಗಸು. ಬರುವಾಗ ಅರ್ಧ ಡಜನ್ ತಟ್ಟೆ ಕೊಂಡೆ, ಈ ಸಲ ಸ್ಟೀಲಿನದು.

ಜೂನ್ 25, ಮಂಗಳವಾರ

ಗ್ರಂಥಾಲಯದಿಂದ ಸ್ವಲ್ಪ ಬೇಗ ಬಂದೆ. ಬೀದಿಯ ತುದಿಯಿಂದಲೇ ಕಂಡಿತು: ಗೇಟಿನ ಮುಂದೆ ಭಾವಮೈದುನನ ಟ್ಯಾಕ್ಸಿ, ಡಿಕ್ಕಿಯಲ್ಲಿ ಎರಡು ಪೆಟ್ಟಿಗೆ, ಮಗಳ ಶಾಲೆಯ ಚೀಲ. ನನ್ನನ್ನು ಕಂಡವನೇ ಡಿಕ್ಕಿಯನ್ನೂ ಮುಚ್ಚದೆ ಹೊರಡಿಸಿದ.

ಓಡಿದೆ. ಬೀದಿಯುದ್ದಕ್ಕೂ, ದಿನಸಿ ಅಂಗಡಿ ದಾಟಿ, ಬಸ್ ನಿಲ್ದಾಣ ದಾಟಿ. ಜನ ದಾರಿ ಬಿಟ್ಟರು. ಬಿಡದ ಒಬ್ಬ ಮುದುಕನನ್ನು ನೂಕಿದೆ, ಬಿದ್ದ ಸದ್ದು ಕೇಳಿಸಿತು, ತಿರುಗಿ ನೋಡಲಿಲ್ಲ. ದೊಡ್ಡ ರಸ್ತೆಯ ತಿರುವಿನಲ್ಲಿ ಲಾರಿಗಳು ಅಡ್ಡ ಬಂದು ಟ್ಯಾಕ್ಸಿ ನಿಧಾನಿಸಿತು, ಹಿಡಿದುಬಿಟ್ಟೆ. ಕಾರಿನ ಜೊತೆ ಓಡಿದೆ ನಾನು. ನನ್ನನ್ನು ಓಟದಿಂದ ಹೊರಗಿಟ್ಟಿದ್ದರು. ಸೀಟಿಯಿಲ್ಲ, ಏದುಸಿರಿಲ್ಲ, ಎದೆ ತೆರೆದ ಬಾಗಿಲಿನ ಹಾಗಿತ್ತು. ಮಗಳಿಗೆ ತೋರಿಸಬೇಕೆನಿಸಿ ಕಿಟಕಿಗೆ ಕೈಯಿಟ್ಟು, "ನೋಡೇ, ಅಪ್ಪ ಹೇಗೆ ಓಡ್ತಿದಾರೆ," ಎಂದೆ. ನಿಂತು ಹೇಳಿದಷ್ಟು ಸ್ಪಷ್ಟವಾಗಿ ಬಂತು ಮಾತು.

ಇವಳು ಮುಂದೆಯೇ ನೋಡುತ್ತಿದ್ದಳು. ಮಗಳು ನನ್ನ ಬೆರಳುಗಳನ್ನು ನೋಡಿದಳು. ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ, ಗಾಜು ಏರಿಸಿದಳು.

ಆ ತಿರುವಿನಲ್ಲಿ ಧೂಳು ಬಹಳ.